ಎಲೆ ಮುಂದೆ ಕೂತು ಉಣ್ಣದವರು

ಸುತ್ತೂರು ಜಾತ್ರೆಯ ದಾಸೋಹದಲ್ಲಿ ಬಡಿಸಿ ಬೆಳೆದವನು ನಾನು. ಈಗ ಸರ್ವರ್ ನೋಡಿಕೊಳ್ಳುವ ಕೆಲಸ. ಸರ್ವರ್ ಮೇಲಿನ ದಾಳಿ ನನಗೆ ಅರ್ಥವಾದದ್ದು ಆ ಪಂಕ್ತಿಯಿಂದಲೇ.

1. ಇಲ್ಲಿ ಕಳ್ಳ ಒಳನುಗ್ಗುವುದಿಲ್ಲ, ಜಾಗ ಹಿಡಿಯುತ್ತಾನೆ. ಎಲೆ ಹಾಕಿಸಿಕೊಂಡವರು ಉಣ್ಣದೆ, ಏಳದೆ ಕೂತರೆ ಪ್ರಸಾದವಿದ್ದೂ ಹಸಿದವರು ಹೊರಗೇ ನಿಲ್ಲಬೇಕು. ‘ಸಿನ್ ಫ್ಲಡ್’ ದಾಳಿ ಹೀಗೆಯೇ. ದಾಳಿಕೋರರು ಸಂಪರ್ಕ ಕೇಳುತ್ತಾರೆ, ಸರ್ವರ್ ಜಾಗ ಕಾಯ್ದಿರಿಸಿ ಉತ್ತರಿಸುತ್ತದೆ, ಆ ಕಡೆಯಿಂದ ಸದ್ದಿಲ್ಲ. 1996ರಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಕಂಪನಿ ಇದರಿಂದ ದಿನಗಟ್ಟಲೆ ನಲುಗಿತು.

2. ಸರ್ವರಿಗೆ ಹೆಚ್ಚು ದುಡಿಮೆ ಕೊಡುವ ಪುಟ ಯಾವುದೆಂದು ಮೊದಲೇ ತಿಳಿದಿರಿ. ದಾಳಿಕೋರ ಅದನ್ನೇ ಹಿಡಿಯುತ್ತಾನೆ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದ ಮೇಲೆ ನಡೆದದ್ದು ಇದೇ. ನಕಲಿ ಖಾತೆಗಳಿಂದ ಇಸಿ, ಅಂದರೆ ಋಣಭಾರ ಪತ್ರ, ಹುಡುಕುವ ಪುಟದ ಮೇಲೆ ಬಿದ್ದರು. ಎರಡೇ ಗಂಟೆಯಲ್ಲಿ 6.2 ಲಕ್ಷ ಕೋರಿಕೆ! ಒಂದೊಂದು ಹುಡುಕಾಟಕ್ಕೂ ಡೇಟಾಬೇಸ್ ಜಾಲಾಡಬೇಕು. ನಂಜನಗೂಡಿರಲಿ, ತಿ. ನರಸೀಪುರವಿರಲಿ, ಸಾಲಕ್ಕೆ ಇಸಿ ಬೇಕಾದ ರೈತನ ಸರದಿಯನ್ನು ಕಿತ್ತುಕೊಳ್ಳುವುದು ನನ್ನ ಲೆಕ್ಕದಲ್ಲಿ ಘೋರ ಅಪರಾಧ.

3. ಮೊದಲು ಲಾಗ್, ಅಂದರೆ ಬಂದ ಕೋರಿಕೆಗಳ ದಾಖಲೆ, ನೋಡಿ. ಒಮ್ಮೆ ನಡುರಾತ್ರಿ ಫೋನ್ ಬಂತು: “ಸಾರ್, ಸೈಟ್ ಓಪನ್ನೇ ಆಗ್ತಿಲ್ಲ.” ಜನ ಹೆಚ್ಚಿರಬೇಕೆಂದು ರ‍್ಯಾಮ್ ಏರಿಸಿದೆ. ತುಸು ಹೊತ್ತಿಗೆ ಅದೂ ತುಂಬಿತು. ಆಮೇಲೆ ಲಾಗ್ ತೆರೆದರೆ ಸಾಲುಸಾಲಾಗಿ ಹುಡುಕುವ ಪುಟ ಮಾತ್ರ, ಪ್ರತಿ ಸಾಲಿನಲ್ಲೂ ಅರ್ಥವಿಲ್ಲದ ಬೇರೆ ಬೇರೆ ಅಕ್ಷರ. ಒಂದು ಚಿತ್ರವನ್ನೂ ಯಾರೂ ಕೇಳಿರಲಿಲ್ಲ. ಮನುಷ್ಯ ಬಂದರೆ ಅವನ ಬ್ರೌಸರ್ ಚಿತ್ರವನ್ನೂ ಕೇಳುತ್ತದೆ. ಹುಡುಕುವ ಪುಟಕ್ಕೆ ಕ್ಯಾಪ್ಚಾ ಹಾಕಿದೆ, ಸರ್ವರ್ ಉಸಿರಾಡಿತು.

4. ಕಂಡ ಐಪಿಯನ್ನೆಲ್ಲ ಬ್ಲಾಕ್ ಮಾಡಬೇಡಿ. ಮೊಬೈಲ್ ನೆಟ್‌ವರ್ಕಿನಲ್ಲಿ ನೂರಾರು ಜನರಿಗೆ ಒಂದೇ ಐಪಿ ಇರುತ್ತದೆ. ಒಬ್ಬನನ್ನು ತಡೆಯಲು ಹೋಗಿ ಊರಿಗೇ ಬಾಗಿಲು ಹಾಕಿದಂತಾಗುತ್ತದೆ.

5. ಇಂಟರ್ನೆಟ್ ಲೈನೇ ತುಂಬಿದರೆ ನಿಮ್ಮ ಫೈರ್‌ವಾಲ್ ಕೈಲಾಗದು; ಆ ದಟ್ಟಣೆಯನ್ನು ಮೇಲಿನಿಂದಲೇ ತಡೆಯಬೇಕು. ಹೋಸ್ಟಿಂಗ್‌ನವರ ತುರ್ತು ನಂಬರ್ ಇಂದೇ ಬರೆದಿಟ್ಟುಕೊಳ್ಳಿ.

6. 2016ರ ಅಕ್ಟೋಬರ್ 21ರಂದು ಸೈಟುಗಳ ವಿಳಾಸ ಹುಡುಕಿಕೊಡುವ (ಡಿಎನ್ಎಸ್) ಡೈನ್ ಕಂಪನಿಯ ಮೇಲೆ ದಾಳಿಯಾಗಿ ಟ್ವಿಟರ್, ನೆಟ್‌ಫ್ಲಿಕ್ಸ್ ಹಲವರಿಗೆ ಸಿಗದೆ ಹೋದವು. ದಾಳಿಗೆ ಬಳಸಿದ್ದು ಜನರ ಮನೆಯ ಕ್ಯಾಮೆರಾ, ರೌಟರ್‌ಗಳನ್ನು. ತಯಾರಕರು ಕೊಟ್ಟ ಪಾಸ್‌ವರ್ಡನ್ನು ಹಲವರು ಬದಲಿಸಿರಲಿಲ್ಲ. ನಿಮ್ಮ ಅಂಗಡಿಯ, ಪಂಪ್‌ಹೌಸಿನ ಸಿಸಿ ಕ್ಯಾಮೆರಾದ ಪಾಸ್‌ವರ್ಡ್ ಇಂದು ಸಂಜೆಯೊಳಗೆ ಬದಲಿಸಿ.