ಮಾರುತ್‌ಗೆ ಸಿಗದ ಎಂಜಿನ್

ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ 2001ರಲ್ಲಿ ಶುರುವಾದ ಎಚ್‌ಎಎಲ್ ವಿಮಾನ ಸಂಗ್ರಹಾಲಯಕ್ಕೆ ಉಜಿರೆ, ಮೂಡುಬಿದಿರೆ ಕಡೆಯಿಂದ ಹೋಗುವವರೂ ಹೆಮ್ಮೆಪಟ್ಟು ಬರುತ್ತಾರೆ. ತಪ್ಪೇನಿಲ್ಲ. ವಾಲ್‌ಚಂದ್ ಹೀರಾಚಂದ್ ಅವರು 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಿದ ಈ ಎಚ್‌ಎಎಲ್ ಕಾರ್ಖಾನೆ 1951ಕ್ಕೆ ಎಚ್‌ಟಿ-2 ಎಂಬ ಸ್ವಂತ ತರಬೇತಿ ವಿಮಾನವನ್ನು ಹಾರಿಸಿದ್ದು ಸಣ್ಣ ಮಾತಲ್ಲ. ಆದರೆ ಪೈಲಟ್ ಆಗಲು ಕಲಿಯುತ್ತಿರುವ ನನ್ನಂಥವರು ಅಲ್ಲಿ ನೋಡಬೇಕಾದದ್ದು ಬೇರೆ: ಯಾವ ವಿಮಾನ ಎಲ್ಲಿ ಸೋತಿತು, ಯಾಕೆ ಸೋತಿತು ಎಂಬುದು. ಒಂದು ವಿಮಾನದ ಮಿತಿ ಎಷ್ಟೆಂದು ಕೈಪಿಡಿ ಹೇಳುತ್ತದೆ. ಆ ಮಿತಿಯನ್ನು ಮರೆತರೆ ಏನಾಗುತ್ತದೆಂದು ಹೇಳುವುದು ಇತಿಹಾಸವೇ.

ಎಚ್‌ಎಫ್-24 ಮಾರುತ್ ಯುದ್ಧವಿಮಾನವನ್ನೇ ತೆಗೆದುಕೊಳ್ಳಿ. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ, 1961ರ ಜೂನ್‌ನಲ್ಲಿ ಮೊದಲು ಹಾರಿದ ಈ ವಿಮಾನದ ದೇಹವನ್ನು ರೂಪಿಸಿದ್ದು ಶಬ್ದದ ವೇಗದ ದುಪ್ಪಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು. ಅದಕ್ಕೆಂದು ನೆಚ್ಚಿಕೊಂಡಿದ್ದ ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್ ಹಣಕಾಸಿನ ತಕರಾರಿನಲ್ಲಿ ಬರಲೇ ಇಲ್ಲ. ಕಡಿಮೆ ಬಲದ ಆರ್ಫಿಯಸ್ 703 ಎರಡನ್ನು ಹೊತ್ತು ಮಾರುತ್ ಶಬ್ದದ ವೇಗದ ಗಡಿಯಲ್ಲೇ ಏದುಸಿರು ಬಿಟ್ಟಿತು. ಆ ಎಂಜಿನ್ನಿಗೆ ರೀಹೀಟ್ ಸೇರಿಸಿ ಬಲ ಹೆಚ್ಚಿಸುವ ಪ್ರಯೋಗದ ವಿಮಾನದಲ್ಲೇ 1970ರ ಜನವರಿಯಲ್ಲಿ ಪರೀಕ್ಷಾ ಪೈಲಟ್ ಸುರಂಜನ್ ದಾಸ್ ತೀರಿಕೊಂಡರು. ಅವರ ಹೆಸರಿನ ರಸ್ತೆಯಲ್ಲಿ ಬೆಂಗಳೂರು ದಿನವೂ ಓಡಾಡುತ್ತದೆ. ಅವರು ಯಾರೆಂದು ಎಷ್ಟು ಮಂದಿಗೆ ಗೊತ್ತೋ! ಆಸೆಗೂ ಕೈಲಿರುವ ಬಲಕ್ಕೂ ನಡುವಿನ ಅಂತರ ಎಷ್ಟು ದುಬಾರಿ ಎಂಬುದಕ್ಕೆ ಮಾರುತ್‌ಗಿಂತ ದೊಡ್ಡ ಸಾಕ್ಷಿ ಆ ಆವರಣದಲ್ಲಿ ನನಗೆ ಕಾಣಲಿಲ್ಲ.

ಅಂಥದ್ದೇ ಅಂತರ ನಮ್ಮ ಜಿಲ್ಲೆಯ ಬಜ್ಪೆ ವಿಮಾನ ನಿಲ್ದಾಣದಲ್ಲೂ ಇತ್ತು. 2010ರ ಮೇ 22ರಂದು ದುಬೈಯಿಂದ ಬಂದ ಬೋಯಿಂಗ್ 737 ಇಳಿಯಬೇಕಾದ ಜಾಗಕ್ಕಿಂತ ಬಹಳ ಮುಂದೆ ನೆಲ ಮುಟ್ಟಿತು. 2,450 ಮೀಟರ್ ರನ್‌ವೇಯಲ್ಲಿ ಸುಮಾರು 1,600 ಮೀಟರ್ ಆಗಲೇ ಹಿಂದೆ ಸರಿದಿತ್ತು. ಗೋ-ಅರೌಂಡ್ ಮಾಡಿ, ಅಂದರೆ ಇಳಿಯದೆ ಮತ್ತೆ ಮೇಲೇರಿ ಎಂದು ಸಹಪೈಲಟ್ ಮತ್ತೆ ಮತ್ತೆ ಹೇಳಿದ್ದು ಧ್ವನಿಮುದ್ರಿಕೆಯಲ್ಲಿದೆ. 158 ಜನ ಸತ್ತರು, ಎಂಟು ಮಂದಿ ಉಳಿದರು. ಗುಡ್ಡದ ತಲೆಯ ಮೇಲಿನ ರನ್‌ವೇಯನ್ನು ದೂರುವುದು ಸುಲಭ. ಇಳಿಜಾರು ಸಾವುನೋವನ್ನು ಹೆಚ್ಚಿಸಿತು, ನಿಜ. ಆದರೆ ಅದೇ ರನ್‌ವೇಯಲ್ಲಿ ಅದಕ್ಕೂ ಮೊದಲು ವರ್ಷಗಟ್ಟಲೆ ವಿಮಾನಗಳು ಸುರಕ್ಷಿತವಾಗಿ ಇಳಿದಿವೆ. ಅದರ ಉದ್ದ ಗುಟ್ಟೇನೂ ಆಗಿರಲಿಲ್ಲ.

ಗ್ಲಾಸ್ ಕಾಕ್‌ಪಿಟ್ಟಿನ ಸೆಸ್ನಾದಲ್ಲಿ ಕಲಿಯುವವರಿಗೆ ಹಳೆ ವಿಮಾನಗಳ ಹಂಗೇಕೆ, ಸಿಮ್ಯುಲೇಟರ್ ಸಾಲದೇ ಎಂದು ಕೇಳುವವರಿದ್ದಾರೆ. ಸಿಮ್ಯುಲೇಟರ್ ಏನು ಮಾಡಬೇಕೆಂದು ಕಲಿಸುತ್ತದೆ. ಯಾಕೆ ಎಂಬುದು ಎಚ್‌ಟಿ-2ರ ಬಾಲದ ಚಕ್ರ ನೋಡಿದರೆ ತಿಳಿಯುತ್ತದೆ. ಅದರ ಭಾರದ ಕೇಂದ್ರ ಮುಖ್ಯ ಚಕ್ರಗಳಿಗಿಂತ ಹಿಂದಿದೆ. ಹಾಗಾಗಿ ನೆಲಕ್ಕಿಳಿದ ಮೇಲೂ ರಡ್ಡರ್ ಮೇಲಿನ ಕಾಲು ಎಚ್ಚರ ತಪ್ಪಿದರೆ ವಿಮಾನ ಗಿರಕ್ಕನೆ ತಿರುಗಿಬಿಡುತ್ತದೆ. ಮೂಗಿನ ಚಕ್ರ ಬಂದು ನಮ್ಮ ಕಾಲುಗಳನ್ನು ಸೋಮಾರಿಯಾಗಿಸಿದೆ. ಅಡ್ಡಗಾಳಿ ಬೀಸುವ ದಿನ ಆ ಸೋಮಾರಿತನ ಬಯಲಾಗುತ್ತದೆ.

ಬಜ್ಪೆಯಂಥ ದುರಂತಗಳ ಪಾಠವೂ ಸಂಗ್ರಹಾಲಯದಲ್ಲಿ ಇರಬೇಕೆಂಬುದು ನನ್ನ ವಾದ. ದುರಂತಗಳನ್ನು ಪ್ರದರ್ಶನಕ್ಕಿಟ್ಟರೆ ತಮ್ಮವರನ್ನು ಕಳೆದುಕೊಂಡ ಮನೆಯವರಿಗೆ ನೋವಾಗದೇ ಎಂಬ ಆಕ್ಷೇಪ ಸಿಮ್ಯುಲೇಟರ್ ಸಾಕೆಂಬ ಮಾತಿಗಿಂತ ಗಟ್ಟಿಯಾದದ್ದು. ಆಗುತ್ತದೆ. ಅದಕ್ಕೇ ಸುಟ್ಟ ಲೋಹವಾಗಲಿ ಮೃತರ ಚಿತ್ರಗಳಾಗಲಿ ಬೇಡ. ರನ್‌ವೇಯ ನಕ್ಷೆ, ವಿಮಾನ ನೆಲ ಮುಟ್ಟಿದ ಬಿಂದು, ಸಹಪೈಲಟ್ ಎಚ್ಚರಿಸಿದ ಕ್ಷಣಗಳು, ಇಷ್ಟಿದ್ದರೆ ಸಾಕು. ವಿಚಾರಣಾ ವರದಿ ಹೇಗೂ ಸಾರ್ವಜನಿಕವಾಗಿಯೇ ಇದೆ. ಪೈಲಟ್ ಆಗಬೇಕೆಂದಿರುವ ನಮ್ಮೂರ ಹುಡುಗ ಹುಡುಗಿಯರು ಬೆಂಗಳೂರಿನ ಬಸ್ಸು ಹತ್ತುವ ಮೊದಲು ಅದನ್ನೊಮ್ಮೆ ಪೂರ್ತಿ ಓದಲಿ. ಮಾರುತ್ ಎದುರಿನ ಸೆಲ್ಫಿ ಆಮೇಲೆ.