ತಾಮ್ರದ ಕಾಸು: ಪ್ರತಿಕೃತಿ ಯಾವುದು, ಮೋಸ ಯಾವುದು?

ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂಥ ಊರುಗಳ ಹಳೇ ಮನೆಗಳಲ್ಲಿ, ದೇವರ ಜಗಲಿ ಮೇಲೋ ಅಜ್ಜಿಯ ಟ್ರಂಕಿನಲ್ಲೋ ನಾಲ್ಕಾರು ತಾಮ್ರದ ನಾಣ್ಯ ಸಿಗೋದು ಹೊಸತೇನಲ್ಲ. ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಹಾಗಾಗಿ ಹೈದರಾಬಾದಿನ ಹಾಲಿ ಸಿಕ್ಕಾದ ಪೈಗಳೂ ಇರಬಹುದು, ಕಂಪನಿಯ ಕಾಲಾಣೆಯೂ ಇರಬಹುದು. ಜೊತೆಗೆ ಜಾತ್ರೆಯಲ್ಲಿ ಕೊಂಡ, ಹನುಮಂತನ ಚಿತ್ರವಿರುವ ‘ಈಸ್ಟ್ ಇಂಡಿಯಾ ಕಂಪನಿ, ಒಂದು ಆಣೆ, 1818’ ಎಂಬ ದಪ್ಪ ಬಿಲ್ಲೆಯೂ ಇರಬಹುದು. “ಇಂಜಿನಿಯರಿಂಗ್ ಓದಾಕತ್ತೀಯಲ್ಲ, ಇದು ಖರೇ ಐತೇನು ನೋಡಿ ಹೇಳು” ಅಂತ ಮನೆಯವರು ಕೇಳಿದರೆ ಏನು ಹೇಳ್ತೀವಿ? ಲಕ್ಷ ಬೆಲೆ ಬಾಳುತ್ತದೆ ಎಂದು ನಂಬಿಸಿ ಇಂಥ ಬಿಲ್ಲೆಗೆ ಸಾವಿರಾರು ರೂಪಾಯಿ ಕೀಳುವವರಿದ್ದಾರೆ. ಅದಕ್ಕೇ ಈ ಪಾಠ.

ಮೊದಲು ಒಂದು ಮಾತು. ಪ್ರತಿಕೃತಿ ಮಾಡೋದಾಗಲಿ ಸಂಗ್ರಹಿಸೋದಾಗಲಿ ತಪ್ಪಲ್ಲ. ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದಾಗ, 1737ರಲ್ಲಿ, ಕನೆಕ್ಟಿಕಟ್‌ನ ಸ್ಯಾಮ್ಯುಯೆಲ್ ಹಿಗ್ಲಿ ಸ್ವಂತ ತಾಮ್ರದ ನಾಣ್ಯ ಹೊರಡಿಸಿದ. ಅವು ಇಂದು ಬಲು ಅಪರೂಪ. 1860ರ ದಶಕದಲ್ಲಿ ಜೇಮ್ಸ್ ಬೋಲನ್ ಎಂಬ ಅಚ್ಚು ಕೊರೆಯುವವನು ಇಂಥ ನಾಣ್ಯಗಳ ಪ್ರತಿಗಳನ್ನು ಟಂಕಿಸಿದ. ಈಗ ಆ ಪ್ರತಿಗಳನ್ನೇ ಹುಡುಕಿ ಸಂಗ್ರಹಿಸುವವರಿದ್ದಾರೆ! ಆದರೆ ಪ್ರತಿ ಕೈಯಿಂದ ಕೈಗೆ ದಾಟುತ್ತಾ ‘ಅಸಲಿ’ ಆಗಿಬಿಡುವ ಅಪಾಯ ಇದ್ದೇ ಇದೆ. ಅದಕ್ಕೆ ಅಮೆರಿಕದಲ್ಲಿ 1973ರಲ್ಲಿ ಕಾಯ್ದೆ ಬಂತು: ನಾಣ್ಯದ ಪ್ರತಿಕೃತಿ ಮೇಲೆ ‘ಕಾಪಿ’ ಎಂದು ಅಳಿಸಲಾಗದಂತೆ ಗುರುತು ಹಾಕಲೇಬೇಕು. ಗುರುತಿದ್ದರೆ ಅದು ಪಾಠ, ಗುರುತು ಮುಚ್ಚಿಟ್ಟು ಮಾರಿದರೆ ಮೋಸ.

ಈಗ ಪರೀಕ್ಷೆಗೆ ಬರೋಣ. ನಮ್ಮ ಲ್ಯಾಬಿನಲ್ಲಿರುವ ಸಾಮಾನೇ ಸಾಕು.

1. ಮೊದಲು ಓದಿ. ಕಂಪನಿಯ 1835ರ ಕಾಯ್ದೆಯ ತಾಮ್ರದ ನಾಣ್ಯಗಳು ಮೂರು: ಅರ್ಧ ಆಣೆ, ಕಾಲಾಣೆ, ಆಣೆಯ ಹನ್ನೆರಡನೇ ಒಂದು ಭಾಗವಾದ ಪೈ. ಬ್ರಿಟಿಷ್ ಇಂಡಿಯಾದ ಒಂದಾಣೆ ನಾಣ್ಯ ಚಲಾವಣೆಗೆ ಬಂದದ್ದು 20ನೇ ಶತಮಾನದ ಆರಂಭದಲ್ಲಿ, ಅದೂ ತಾಮ್ರ-ನಿಕಲ್ ಮಿಶ್ರಲೋಹದಲ್ಲಿ. ಅಂದಮೇಲೆ ಹನುಮಂತನ ‘1818ರ ಒಂದಾಣೆ’ ಯಾವುದರ ಪ್ರತಿಕೃತಿಯೂ ಅಲ್ಲ, ಬರೀ ಕಲ್ಪನೆ. ಇಲ್ಲಿಗೇ ಅರ್ಧ ಕೆಲಸ ಮುಗೀತು.

2. ತೂಗಿ. 1835ರ ಕಾಲಾಣೆಯ ಕಾನೂನುಬದ್ಧ ತೂಕ 100 ಗ್ರೇನ್, ಅಂದರೆ 6.48 ಗ್ರಾಂ. ಸವೆದರೆ ಸ್ವಲ್ಪ ಕಡಿಮೆಯಾಗಬಹುದು, ಹೆಚ್ಚಾಗಲು ಕಾರಣವಿಲ್ಲ.

3. ಸಾಂದ್ರತೆ ಅಳೆಯಿರಿ. ತಕ್ಕಡಿ ಮೇಲೆ ನೀರಿನ ಬೀಕರ್ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ಮುಳುಗಿಸಿ. ತಕ್ಕಡಿ ತೋರಿಸುವ ಗ್ರಾಂಗಳೇ ನಾಣ್ಯದ ಘನಗಾತ್ರ, ಘನ ಸೆಂಟಿಮೀಟರ್‌ನಲ್ಲಿ. ಆರ್ಕಿಮಿಡೀಸ್ ಅಷ್ಟೇ! 6.47 ಗ್ರಾಂ ತಾಮ್ರಕ್ಕೆ ಸುಮಾರು 0.72 ಬರುತ್ತದೆ. ಅಷ್ಟೇ ತೂಕದ ಹಿತ್ತಾಳೆಗೆ 0.76ರ ಆಸುಪಾಸು, ತಾಮ್ರದ ಲೇಪ ಹಾಕಿದ ಸತುವಿಗೆ ಸುಮಾರು 0.90. ತಕ್ಕಡಿ 0.01 ಗ್ರಾಂ ತಪ್ಪಿದರೆ ಸಾಂದ್ರತೆ 8.86ರಿಂದ 9.11ರವರೆಗೆ ಓಡಾಡುತ್ತದೆ. ಹಾಗಾಗಿ ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

4. ಅಚ್ಚೋ, ಎರಕವೋ? ಮೋಸಗಾರನೂ ಶುದ್ಧ ತಾಮ್ರ ಬಳಸಿದರೆ ಸಾಂದ್ರತೆ ಸುಳಿವು ಕೊಡಲ್ಲ. ಆಗ ಲೆನ್ಸ್ ಹಿಡಿಯಿರಿ. ಅಚ್ಚಿನಲ್ಲಿ ಹೊಡೆದ ನಾಣ್ಯದ ಅಕ್ಷರದ ಅಂಚು ಚೂಪು. ಎರಕದಲ್ಲಿ ಅಂಚು ಮೊಂಡು, ಮೈಮೇಲೆ ಗಾಳಿಗುಳ್ಳೆಯ ಕುಳಿ, ಬದಿಯಲ್ಲಿ ಅರ ಹಾಕಿ ಉಜ್ಜಿದ ಗೆರೆ. ಇನ್ನೊಂದು: ಕರಗಿದ ತಾಮ್ರ ಆರುವಾಗ ಉದ್ದಳತೆಯಲ್ಲಿ ಸುಮಾರು 2% ಕುಗ್ಗುತ್ತದೆ. ಅಸಲಿಯಿಂದಲೇ ಅಚ್ಚು ತೆಗೆದು ಎರಕ ಹೊಯ್ದರೆ 25 ಮಿಮೀ ನಾಣ್ಯ ಅರ್ಧ ಮಿಮೀ ಚಿಕ್ಕದಾಗುತ್ತದೆ. ವರ್ನಿಯರ್ ಕ್ಯಾಲಿಪರ್ ಅದನ್ನು ಹಿಡಿಯುತ್ತೆ. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು, ಒಂದೇ ಕುಳಿ ಕಂಡರೂ ಅನುಮಾನಪಡಿ.

5. ಬದಿಯ ಬೆಸುಗೆ ನೋಡಿ. ವಿದ್ಯುಲ್ಲೇಪನದಿಂದ ಎರಡು ಮುಖಗಳ ಚಿಪ್ಪು ಮಾಡಿ, ಒಳಗೆ ಸೀಸ ತುಂಬಿ ಅಂಟಿಸುವ ಪ್ರತಿಗಳೂ ಉಂಟು. ಮುಖದ ವಿವರ ಅಚ್ಚುಕಟ್ಟಾಗಿರುತ್ತದೆ, ಬದಿಯ ಸುತ್ತ ಮಾತ್ರ ಜೋಡಣೆಯ ಗೆರೆ. ಸೀಸದ ಸಾಂದ್ರತೆ 11.34. ಮೂರನೇ ಪರೀಕ್ಷೆಯಲ್ಲೇ ಗುಟ್ಟು ರಟ್ಟು.

ಪರೀಕ್ಷೆಗೆ ಮುಂಚೆ ನಾಣ್ಯ ಫಳಫಳ ಹೊಳೆಯಲಿ ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹುಳಿಯಲ್ಲಿರುವ ಆಮ್ಲ ಹಳೇ ಪದರವನ್ನು ಕರಗಿಸುತ್ತದೆ, ಅದರ ಜೊತೆಗೇ ಕಾಲದ ಸಾಕ್ಷಿಯೂ ಹೋಗುತ್ತದೆ. ‘ಹಳೇ ನಾಣ್ಯ ಕೊಡಿ, ಲಕ್ಷ ತಗೊಳ್ಳಿ, ಮೊದಲು ಕಮಿಷನ್ ಕಟ್ಟಿ’ ಎನ್ನುವ ಮೆಸೇಜ್ ಬಂದರೆ ರೊಕ್ಕ ಕಳಿಸಬೇಡಿ ಎಂದು ಮನೆಯವರಿಗೂ ಹೇಳಿ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಕಮಿಷನ್ ಕೇಳುವುದೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ಇನ್ನು ಪ್ರತಿಕೃತಿ ಸಂಗ್ರಹ ಶುರು ಮಾಡುವ ಆಸೆಯಿದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸಿನಿಂದ ಆರಂಭಿಸಬಹುದು. ಅದರಲ್ಲಿ ಕನ್ನಡ, ಇಂಗ್ಲಿಷ್, ಪರ್ಷಿಯನ್ ಮೂರೂ ಬರಹಗಳಿವೆ. ‘ಶ್ರೀ ಚಾಮುಂಡಿ’, ‘ಮಯಿಲಿ ಕಾಸು’ ಎಂದು ನಾವೇ ಓದಬಹುದು. ನಮ್ಮ ‘ಕಾಸು’ ಇಂಗ್ಲಿಷಿನಲ್ಲಿ ‘ಕ್ಯಾಶ್’ ಆಗಿರೋದನ್ನೂ ಅಲ್ಲೇ ನೋಡಬಹುದು. ವರ್ಕ್‌ಶಾಪಿನಲ್ಲಿ ಎರಕ ಹೊಯ್ಯಿರಿ, ಇಲ್ಲವೇ 3ಡಿ ಪ್ರಿಂಟ್ ತೆಗೆಯಿರಿ. ಆದರೆ ಅಚ್ಚಿನಲ್ಲೇ ‘ಪ್ರತಿ’ ಎಂಬ ಎರಡಕ್ಷರ, ಮಾಡಿದ ವರ್ಷ ಕೊರೆದಿರಲಿ. ಐವತ್ತು ವರ್ಷದ ಮೇಲೆ ಅದು ಯಾರ ಟ್ರಂಕಿನಲ್ಲಿ ಸಿಕ್ಕರೂ ಯಾರೂ ಮೋಸ ಹೋಗಬಾರದು.