ಥಿಯರಿಯೂ ಬೇಕು, ಅಳತೆ ಪುಸ್ತಕವೂ ಬೇಕು

ಪ್ರಶ್ನೆ: ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೇನೆ. ತರಗತಿಯಲ್ಲಿ ಸಂವಹನ ಸಿದ್ಧಾಂತಗಳೇ ಹೆಚ್ಚು. ವರದಿಗಾರ್ತಿಯಾಗಲು ಇಷ್ಟು ಸಾಕೇ?

ಉತ್ತರ: ಸಾಲದು. ಸಿದ್ಧಾಂತ ಬೇಡವೆನ್ನುವುದಿಲ್ಲ; ಆದರೆ ದಾಖಲೆ ಓದಲು ಬಾರದವರು ಅಧಿಕಾರಿ ಹೇಳಿದ್ದನ್ನಷ್ಟೇ ಬರೆದುಕೊಂಡು ಬರುತ್ತಾರೆ. ವಿಶ್ವವಿದ್ಯಾಲಯ ಮೊದಲು ಕಲಿಸಬೇಕಾದದ್ದು ಈ ಓದನ್ನೇ. ಕಲಿಸದಿದ್ದರೆ ನೀವೇ ಶುರುಮಾಡಿ. ನಿಮ್ಮ ಗ್ರಾಮ ಪಂಚಾಯಿತಿಯ ಒಂದು ಚರಂಡಿ ಕಾಮಗಾರಿ ಆರಿಸಿಕೊಂಡು, 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅಂದಾಜುಪಟ್ಟಿ, ಅಳತೆ ಪುಸ್ತಕ, ಬಿಲ್ಲಿನ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಬಾರದಿದ್ದರೆ ಮೇಲ್ಮನವಿ ಹಾಕಿ. ಆಮೇಲೆ ಟೇಪು ಹಿಡಿದು ಚರಂಡಿಯನ್ನೇ ಅಳೆಯಿರಿ. ಪುಸ್ತಕದಲ್ಲಿ 200 ಮೀಟರ್ ಇದ್ದು ನೆಲದ ಮೇಲೆ ಕಡಿಮೆ ಬಂದರೆ, ಎಂಜಿನಿಯರ್ ಮತ್ತು ಗುತ್ತಿಗೆದಾರ ಇಬ್ಬರನ್ನೂ ಕೇಳದೆ ಒಂದು ಸಾಲೂ ಬರೆಯಬೇಡಿ.

ಕಾನೂನನ್ನಂತೂ ಬಿಡುವಂತಿಲ್ಲ. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಹೆಸರಷ್ಟೇ ಅಲ್ಲ, ಶಾಲೆ, ವಿಳಾಸ, ಮನೆಯವರ ವಿವರವನ್ನೂ ಮಾಧ್ಯಮ ಪ್ರಕಟಿಸಬಾರದು ಎನ್ನುತ್ತದೆ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್. ಸಣ್ಣ ಊರಿನಲ್ಲಿ ಬೀದಿಯ ಹೆಸರು ಹಾಕಿದರೂ ಮಗು ಯಾರೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದರೆ ಸಾಲದು, ಪ್ರತಿದಿನದ ಪತ್ರಿಕೆ ಹಿಡಿದು ತರಗತಿಯಲ್ಲಿ ಚರ್ಚಿಸಬೇಕು. ನಿಮ್ಮ ಅಧ್ಯಾಪಕರನ್ನು ಕೇಳಿ, ಒತ್ತಾಯಿಸಿ. ಪಂಚಾಯಿತಿಗೆ ಅರ್ಜಿಯನ್ನು ಈ ವಾರವೇ ಹಾಕಿ.